ಎರಡು ಟೀ, ಒಂದಕ್ಕೆ ಸಕ್ಕರೆ ಕಮ್ಮಿ

ವರ್ಕ್‌ಶಾಪಿನ ಮೇಲಿನ ಮನೆ,
ನವೆಂಬರ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರ.

ಹೇಗಿದ್ದೀರಿ? ಮಂಡಿ ಏನನ್ನುತ್ತದೆ? ನಾನು ಕಟ್ಟಿಕೊಟ್ಟ ಎಣ್ಣೆಯ ಶೀಶೆ ಇನ್ನೂ ಮುಕ್ಕಾಲು ಪಾಲು ತುಂಬಿಯೇ ಇದೆ ಎಂದು ನಿಮ್ಮ ಮಗಳು ಫೋನಿನಲ್ಲಿ ಚಾಡಿ ಹೇಳಿದಳು. ಶೀಶೆಯನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದರೆ ನೋವು ಹೋಗುವುದಿಲ್ಲ ಅತ್ತೆ, ಹಚ್ಚಿಕೊಳ್ಳಬೇಕು. ರಾತ್ರಿ ನಿದ್ದೆ ಬರುತ್ತಿದೆಯೇ? ಅದನ್ನೂ ಅವಳೇ ಹೇಳಿದಳು, ಬರುತ್ತಿಲ್ಲವಂತೆ. ಇನ್ನೊಂದು ಸುದ್ದಿಯಂತೂ ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಧ್ಯಾಹ್ನ ಅವರೆಲ್ಲ ಕೆಲಸಕ್ಕೆ ಹೋದ ಮೇಲೆ ನೀವು ಖಾಲಿ ವಾಷಿಂಗ್ ಮೆಷಿನ್ ಹಾಕಿಕೊಂಡು, ಅದರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿರುತ್ತೀರಂತೆ. ಒಳಗೆ ಒಂದು ಕರವಸ್ತ್ರವೂ ಇರುವುದಿಲ್ಲವಂತೆ. 'ಅಮ್ಮನಿಗೆ ಏನಾಗಿದೆ ಅತ್ತಿಗೆ?' ಎಂದು ಪಾಪ ಅವಳು ಗಾಬರಿಯಾಗಿದ್ದಾಳೆ. ನನಗೂ ಅರ್ಥವಾಗಿರಲಿಲ್ಲ. ಮೊನ್ನೆ ಗುರುವಾರದಿಂದ ಅರ್ಥವಾಗಿದೆ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳೋಣವೆಂದರೆ ನೀವು 'ಹ್ಞೂಂ, ಚೆನ್ನಾಗಿದ್ದೀನಿ, ಇಡ್ಲಾ?' ಎಂದು ಇಟ್ಟೇಬಿಡುತ್ತೀರಿ. ಪತ್ರವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ, ನಿಮಗೆ ಕುತೂಹಲ ಜಾಸ್ತಿ ಎಂದು ನನಗೆ ಗೊತ್ತು.

ಮೊದಲು ಮನೆಯ ಸುದ್ದಿ ಮುಗಿಸುತ್ತೇನೆ. ನಿಮ್ಮ ಮೊಮ್ಮಗಳಿಗೆ ಮುಂದಿನ ಎರಡು ಹಲ್ಲೂ ಬಿದ್ದು, ಈಗ ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿದೆ. ಎದುರಿನ ಕನ್ನಡಕದ ಅಂಗಡಿಯವರು ನೀವು ಯಾವಾಗ ಬರುತ್ತೀರೆಂದು ವಾರಕ್ಕೊಮ್ಮೆ ಕೇಳುತ್ತಾರೆ. ಅವರ ಅಂಗಡಿಯ ಮುಂದೆ ನಿಂತು ಗಿರಾಕಿಗಳಿಗೆ 'ಈ ಫ್ರೇಮು ನಿಮಗೆ ಒಪ್ಪಲ್ಲ' ಎಂದು ಹೇಳುವವರು ಯಾರೂ ಇಲ್ಲದೆ ವ್ಯಾಪಾರ ಸ್ವಲ್ಪ ಸುಧಾರಿಸಿದೆಯಂತೆ, ಆದರೂ ಬೇಜಾರಂತೆ. ನಿಮ್ಮ ಮಗ ಆರೋಗ್ಯವಾಗಿದ್ದಾರೆ. ಊಟದ ತಟ್ಟೆಯ ಮುಂದೆ ಕೂತು ಎಲ್ಲೋ ನೋಡುವುದು ಜಾಸ್ತಿಯಾಗಿದೆ, ಅಷ್ಟೇ.

ಈಗ ಕೋಣೆಯ ಸುದ್ದಿ. ಹೌದು, ಕೊನೆಗೂ ಕಟ್ಟಿ ಮುಗಿಯಿತು. ಹೊರಡುವ ದಿನ ಮೆಟ್ಟಿಲ ಮೇಲೆ ನಿಂತು ನೀವು ಹೇಳಿದ ಮಾತು ನಿಮಗೆ ನೆನಪಿದೆಯೋ ಇಲ್ಲವೋ, ನಿಮ್ಮ ಮಗನ ಎದೆಯಲ್ಲಿ ಅದು ಮುಳ್ಳಿನಂತೆ ಕೂತಿತ್ತು. 'ಈ ಮನೇಲಿ ಗಲಾಟೆ ಜಾಸ್ತಿ ಆಯ್ತು ಕಣಮ್ಮಾ, ಸ್ವಲ್ಪ ದಿನ ಮಗಳ ಮನೇಲಿ ಇದ್ದು ಬರ್ತೀನಿ' ಎಂದಿದ್ದಿರಿ. ಸ್ವಲ್ಪ ದಿನವೆಂದವರು ಚಳಿಗಾಲದ ಬಟ್ಟೆಗಳನ್ನೂ ಪೆಟ್ಟಿಗೆಗೆ ತುಂಬಿಕೊಂಡಿದ್ದಿರಿ. ಅವರು ಅದನ್ನು ನೋಡಿದರು, ನಾನೂ ನೋಡಿದೆ. ಗಲಾಟೆ ಎಂದರೆ ಇನ್ನೇನಿರುತ್ತದೆ, ಕೆಳಗೆ ವರ್ಕ್‌ಶಾಪಿನಲ್ಲಿ ಕೂರಿಸಿದ ಆ ಡೈನೋ ಯಂತ್ರದ್ದೇ ಎಂದು ಇಬ್ಬರೂ ಅಂದುಕೊಂಡೆವು. ಅದರ ಸದ್ದು ಕಮ್ಮಿಯೇನಲ್ಲವಲ್ಲ. ನೆಲದೊಳಗಿನ ಎರಡು ಉರುಳೆಗಳ ಮೇಲೆ ಕಾರಿನ ಚಕ್ರ ಕೂರಿಸಿ, ನಾಲ್ಕೂ ಕಡೆ ಪಟ್ಟಿಯಿಂದ ಬಿಗಿದು, ನಿಂತಲ್ಲೇ ಪೂರ್ತಿ ವೇಗದಲ್ಲಿ ಓಡಿಸಿ, ಎಂಜಿನ್ನಿಗೆ ಎಷ್ಟು ತಾಕತ್ತಿದೆ ಎಂದು ಪರದೆಯ ಮೇಲೆ ನೋಡುವುದು. 'ಎಷ್ಟು ಓಡಿದ್ರೂ ಎಲ್ಲಿಗೂ ಹೋಗಲ್ವಲ್ಲೋ ನಿನ್ನ ಕಾರು!' ಎಂದು ನೀವು ಮೊದಲ ದಿನವೇ ನಗಾಡಿದ್ದಿರಿ. ಅದು ಕೂಗಿದಾಗ ಅಡುಗೆಮನೆಯ ತಟ್ಟೆಗಳೆಲ್ಲ ಗಡಗಡ ಎನ್ನುತ್ತಿದ್ದವು. ಅದಕ್ಕೇ ನೀವು ಹೋದ ವಾರವೇ ನಿಮ್ಮ ಮಗ ಶಪಥ ಮಾಡಿದವರಂತೆ ಕೂತರು. 'ಅಮ್ಮನ ಕಿವಿಗೆ ಒಂದು ಪಿಸುಮಾತಿನಷ್ಟೂ ಸದ್ದು ಬೀಳದಂಗೆ ಯಂತ್ರದ ಸುತ್ತ ಕೋಣೆ ಕಟ್ತೀನಿ, ಆಮೇಲೆ ಹೋಗಿ ಕರ್ಕೊಂಡು ಬರ್ತೀನಿ' ಎಂದರು. ಅಲ್ಲಿಯವರೆಗೂ ನಿಮ್ಮನ್ನು ಬನ್ನಿ ಎನ್ನಲು ಅವರಿಗೆ ಬಾಯಿಯೇ ಬರುತ್ತಿರಲಿಲ್ಲ.

ಕಟ್ಟಿದವನು ಯಾರು ಗೊತ್ತೇ? ನಮ್ಮ ಕೂದಲೆಳೆ ಬಡಗಿ. ಕಿಟಕಿಯ ಚೌಕಟ್ಟಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಊಟ ಬಿಟ್ಟು ಕೂರುತ್ತಾನಲ್ಲ, ಅವನೇ. ಇಂಥ ಕೆಲಸಕ್ಕೆ ಅಂಥವನೇ ಬೇಕು. ಸುಮ್ಮನೆ ದಪ್ಪ ಗೋಡೆ ಕಟ್ಟಿದರೆ ಆಗುವುದಿಲ್ಲವಂತೆ ಅತ್ತೆ, ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಬೇಕಂತೆ. ಹಳೆಯ ಇಟ್ಟಿಗೆ ಗೋಡೆಗೆ ಎಲ್ಲಿಯೂ ತಾಗದ ಹಾಗೆ ಒಳಗೆ ಒಂದು ಚೌಕಟ್ಟು ನಿಲ್ಲಿಸಿದ. ಅದರ ಕಾಲಡಿಗೆ ರಬ್ಬರ್, ನಡುವೆ ಕಲ್ಲಿನ ಉಣ್ಣೆ, ಮೇಲೆ ಎರಡು ಪದರ ಹಲಗೆ. ಕಲ್ಲಿನಿಂದ ಉಣ್ಣೆ ಮಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಮುಟ್ಟಿ ಇಡೀ ದಿನ ಮೈ ಕೆರೆದುಕೊಂಡೆ. ಬಾಗಿಲು ಒಂದರ ಹಿಂದೆ ಒಂದು, ಎರಡು. ಗಾಳಿ ಬರುವ ದಾರಿಯನ್ನು ಸಹ ಹಾವಿನಂತೆ ಸುತ್ತಿಸಿ ಬಳಸಿ ತಂದಿದ್ದಾನೆ, ಸದ್ದಿಗೆ ದಾರಿ ತಪ್ಪಲಿ ಎಂದು. 'ಸದ್ದು ಅಂದ್ರೆ ನೀರಿದ್ದಂಗೆ ಅಕ್ಕಾ, ಒಂದು ತೂತು ಸಿಕ್ರೆ ಸಾಕು, ಇಡೀ ಮನೆ ಒದ್ದೆ' ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಕೇಳಿ ಕೇಳಿ ನಿಮ್ಮ ಮೊಮ್ಮಗಳೂ ಹಲ್ಲಿಲ್ಲದ ಬಾಯಲ್ಲಿ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಳು.

ಒಂದೇ ಒಂದು ವಿಷಯಕ್ಕೆ ಅವನಿಗೂ ನಿಮ್ಮ ಮಗನಿಗೂ ಜಟಾಪಟಿಯಾಯಿತು. ಮಾವನ ಕಬ್ಬಿಣದ ಬೀರು. ಡೈನೋ ತಂದು ಕೂರಿಸಿದಾಗ ಅದನ್ನು ಒಳಗೋಡೆಗೆ ಸರಿಸಿದ್ದು ನಿಮಗೂ ನೆನಪಿರಬೇಕು, ಬೀದಿಯ ಗಂಡಸರೆಲ್ಲ ಸೇರಿ ತಳ್ಳಿದ್ದರು, ನೀವು ಮೇಲಿನಿಂದ 'ಹುಷಾರು, ಬೆನ್ನು ಹುಷಾರು' ಎಂದು ಕೂಗುತ್ತಿದ್ದಿರಿ. ಬಡಗಿ ಅದನ್ನು ತೆಗೆಯಿರಿ ಎಂದ. ನಿಮ್ಮ ಮಗ ಒಪ್ಪಲಿಲ್ಲ. 'ಹೊಟ್ಟೆ ತುಂಬ ಕಬ್ಬಿಣ ಇರೋ ಬೀರು, ಅದನ್ನ ದಾಟಿ ಯಾವ ಸದ್ದು ಹೋಗುತ್ತೆ? ಸುತ್ತ ಕಟ್ಟು' ಎಂದರು. ಅಪ್ಪನ ಮಗ! ಮಾವನೂ ಹೀಗೆಯೇ ಅಲ್ಲವೇ, ಒಂದು ವಸ್ತು ಒಂದು ಕಡೆ ಕೂತರೆ ಮುಗಿಯಿತು, ಮನೆಯನ್ನೇ ಅದರ ಸುತ್ತ ತಿರುಗಿಸುತ್ತಿದ್ದರು. ಬಡಗಿ ಗೊಣಗಿಕೊಂಡೇ ಬೀರುವಿನ ಎರಡು ಪಕ್ಕಕ್ಕೂ ಹೊಸ ಗೋಡೆ ತಂದು ಸೇರಿಸಿ, ಸಂದಿಗೆ ಅಂಟು ತುಂಬಿದ. 'ನಾನು ಹೇಳಿದ್ದೆ ಅಂತ ಆಮೇಲೆ ಹೇಳಬಾರ್ದಲ್ಲ, ಅದಕ್ಕೆ ಈಗ್ಲೇ ಹೇಳ್ತಾ ಇದೀನಿ' ಎಂದ.

ಕೋಣೆ ಮೇಲೇಳುತ್ತಿದ್ದಾಗ ನನಗೆ ಏಕೋ ಹಳೆಯದೆಲ್ಲ ಒತ್ತರಿಸಿಕೊಂಡು ಬರುತ್ತಿತ್ತು ಅತ್ತೆ. ಈ ಮನೆಗೆ ಬಂದ ಹೊಸದರಲ್ಲಿ ನಾನು ಎಷ್ಟು ಬೆಚ್ಚಿದ್ದೆ, ನೆನಪಿದೆಯೇ? ಆಗ ಅಡುಗೆಮನೆ ಈಗಿನ ನಿಮ್ಮ ಕೋಣೆಯಲ್ಲೇ ಇತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ, ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಇದ್ದಕ್ಕಿದ್ದಂತೆ ಗೋಡೆಯೊಳಗಿನಿಂದ 'ಎರಡು ಟೀ, ಒಂದಕ್ಕೆ ಸಕ್ಕರೆ ಕಮ್ಮಿ!' ಎಂದು ಗಡುಸು ದನಿ ಬಂತು. ಕೈಯಲ್ಲಿದ್ದ ತಟ್ಟೆ ಬಿಟ್ಟೇಬಿಟ್ಟೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ತೋರಿಸಿದಿರಿ. ಒಂದು ಹಳೆಯ ನೀರಿನ ಕೊಳವೆ, ಅದರ ಬಾಯಿಗೆ ಎಣ್ಣೆ ಹೊಯ್ಯುವ ಆಲಿಕೆ. ಮೇಲ್ಮನೆ ಕಟ್ಟಿಸುವಾಗ ಮಾವ ಗೋಡೆಯೊಳಗೆ ಹಾಕಿಸಿದ್ದಂತೆ, ಕೆಳಗಿನಿಂದ ಕೂಗಿದರೆ ಮೇಲೆ ಕೇಳಲಿ ಎಂದು. ನೀವು ಆಲಿಕೆಗೆ ಬಾಯಿಟ್ಟು 'ಬಂದೆ ಬಂದೆ, ಬೆಂಕಿ ಬಿದ್ದಂಗೆ ಕೂಗ್ಬೇಡಿ' ಎಂದಿರಿ. ಹೊಸ ಸೊಸೆಯ ಮುಂದೆ ಅತ್ತೆ ಗೋಡೆಯೊಡನೆ ಜಗಳವಾಡುತ್ತಿದ್ದಾರೆ! ಎಂಥ ಮನೆಗೆ ಬಂದೆನಪ್ಪಾ ಎಂದುಕೊಂಡಿದ್ದೆ.

ಆಮೇಲೆ ನೀವೇ ಅಲ್ಲವೇ ನನಗೆ ಸದ್ದು ಕಲಿಸಿದ್ದು. ಕೊಳವೆಯ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಾ ಕೂತು, ಈಗ ಬಂದದ್ದು ಡಾಕ್ಟರ ಕಾರು, ಇದು ಬ್ರೆಡ್ ಮಾರುವವನ ವ್ಯಾನು, ಈ ಎಂಜಿನ್ ಕೆಮ್ಮುತ್ತಿದೆ, ಇನ್ನು ಅರ್ಧ ಗಂಟೆ ಊಟಕ್ಕೆ ಬರುವುದಿಲ್ಲ, ಅನ್ನಕ್ಕೆ ಈಗಲೇ ಇಡಬೇಡ ಎನ್ನುತ್ತಿದ್ದಿರಿ. ಒಂದು ದಿನವೂ ತಪ್ಪುತ್ತಿರಲಿಲ್ಲ. ಮಾವ ಹೋದ ಮೇಲೆ ಕೆಲವು ದಿನ ಆ ಕೊಳವೆ ಸುಮ್ಮನಿತ್ತು. ಮನೆಯಲ್ಲಿ ಯಾರೂ ಆ ಕಡೆ ನೋಡುತ್ತಿರಲಿಲ್ಲ. ಆಮೇಲೆ ಒಂದು ಸಂಜೆ ನಿಮ್ಮ ಮಗನ ದನಿ ಬಂತು, 'ಅಮ್ಮಾ, ಎರಡು ಟೀ, ಒಂದಕ್ಕೆ ಸಕ್ಕರೆ ಕಮ್ಮಿ' ಎಂದು. ಸಕ್ಕರೆ ಕಮ್ಮಿಯದು ನಿಮ್ಮದು. ನೀವು ಎರಡು ಲೋಟ ಹಿಡಿದು ಕೆಳಗಿಳಿದು, ಟೈರುಗಳ ಅಟ್ಟಿಯ ಮೇಲೆ ಕೂತು, ಮಗನ ಜೊತೆ ಕುಡಿದು, ಒಂದು ಗಂಟೆ ಬಿಟ್ಟು ಮೇಲೆ ಬರುತ್ತಿದ್ದಿರಿ. ಬಂದವರ ಮುಖದಲ್ಲಿ ಅದೆಂಥ ಕಳೆ! ಅಡುಗೆಮನೆಯನ್ನು ಮುಂಭಾಗಕ್ಕೆ ಬದಲಾಯಿಸಿದಾಗಲೂ ನೀವು ಹಟ ಹಿಡಿದು ಆ ಹಳೆಯ ಅಡುಗೆಕೋಣೆಯನ್ನೇ ಮಲಗಲು ಇಟ್ಟುಕೊಂಡಿರಿ. ಹೊಗೆಯ ವಾಸನೆ ಇನ್ನೂ ಹೋಗಿಲ್ಲ, ಇಲ್ಲಿ ಯಾಕೆ ಎಂದು ನಾನು ಕೇಳಿದ್ದೆ. ಅಭ್ಯಾಸವಾಗಿದೆ ಎಂದಿರಿ.

ಇರಲಿ, ಗುರುವಾರಕ್ಕೆ ಬರುತ್ತೇನೆ. ಕೋಣೆಯ ಪರೀಕ್ಷೆಯ ದಿನ. ನಿಮ್ಮ ಮಗ ಒಂದು ಕಾರನ್ನು ಉರುಳೆಯ ಮೇಲೆ ಹತ್ತಿಸಿ, ಎರಡೂ ಬಾಗಿಲು ಹಾಕಿಕೊಂಡು, ಒಳಗೆ ಅದರ ಕಿವಿ ಹಿಂಡಿದರು. ನಾವೆಲ್ಲ ಹೊರಗೆ. ಬೀದಿಯಲ್ಲಿ ನಿಂತರೆ ಏನೂ ಇಲ್ಲ. ಕನ್ನಡಕದ ಅಂಗಡಿಯವರು ಹೊರಗೆ ಬಂದು 'ಶುರು ಮಾಡಿದ್ರಾ?' ಎಂದು ಕೇಳಿದರು. ಮೆಟ್ಟಿಲಲ್ಲಿ ಇಲ್ಲ, ಅಡುಗೆಮನೆಯಲ್ಲಿ ತಟ್ಟೆಗಳು ಸಭ್ಯಸ್ಥರಂತೆ ಕೂತಿದ್ದವು. ಬಡಗಿಯ ಮುಖ ಊರಗಲವಾಯಿತು. ಕೊನೆಗೆ ನಿಮ್ಮ ಕೋಣೆಯ ಬಾಗಿಲು ತೆಗೆದೆ ನೋಡಿ, ಎಂಜಿನ್ ನಿಮ್ಮ ಮಂಚದ ಕೆಳಗೇ ಇದ್ದಂತೆ ಗುಂಯ್ ಎನ್ನುತ್ತಿದೆ! ಇಡೀ ಮನೆಯಲ್ಲಿ ಎಲ್ಲಿಯೂ ಇಲ್ಲದ ಸದ್ದು, ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಅವರ ಕೋಣೆಯಲ್ಲೇ. ನಿಮ್ಮ ಮಗ ಮೇಲೆ ಬಂದು, ಕೇಳಿ, ಮಂಚದ ಅಂಚಿಗೆ ಕುಸಿದು ಕೂತರು. 'ಮುಗೀತು, ಅಮ್ಮ ಇನ್ನು ಬರಲ್ಲ' ಎಂದರು. ಅಷ್ಟು ದೊಡ್ಡ ಗಂಡಸಿನ ಬಾಯಲ್ಲಿ ಆ ಮಾತು ಚಿಕ್ಕ ಮಗುವಿನ ಮಾತಿನಂತೆ ಕೇಳಿಸಿತು.

ಕೂದಲೆಳೆ ಬಡಗಿ ಮಾತ್ರ ಬೇಟೆನಾಯಿಯಂತೆ ಗೋಡೆಗೆ ಕಿವಿ ಹಚ್ಚಿಕೊಂಡು ಹೊರಟ. ಕೆಳಗೆ ಮಾವನ ಬೀರುವಿನ ಮುಂದೆ ನಿಂತು, ಕೈಕಟ್ಟಿ ನಿಮ್ಮ ಮಗನ ಮುಖ ನೋಡಿದ. 'ನಾನು ಹೇಳಿದ್ದೆ' ಎಂದು ಮುಂಚೆಯೇ ಹೇಳಿಯಾಗಿತ್ತಲ್ಲ. ಬೀರುವಿನ ಸಾಮಾನು ಇಳಿಸಿ, ಅಂಟು ಕೊಯ್ದು, ಅದನ್ನು ಈಚೆಗೆಳೆದರು. ಹಿಂದಿನ ತಗಡು ಎಂದೋ ತುಕ್ಕು ಹಿಡಿದು ಜರಡಿಯಾಗಿತ್ತು. ಅದರ ಹಿಂದೆ, ಗೋಡೆಯಲ್ಲಿ, ಧೂಳು ಕಚ್ಚಿಕೊಂಡು ಮಾವನ ಆಲಿಕೆ. ಡೈನೋ ಬಂದ ದಿನ, ಅಷ್ಟು ಜನ ಹೆಗಲು ಕೊಟ್ಟು ತಳ್ಳುವಾಗ, ಹಿಂದೆ ಏನಿದೆಯೆಂದು ಯಾರು ನೋಡಿದ್ದರು? ಬೀರು ಹೋಗಿ ಸರಿಯಾಗಿ ಕೊಳವೆಯ ಬಾಯಿಗೇ ಕೂತಿತ್ತು. ಅವತ್ತಿನಿಂದ ನಿಮ್ಮ ಮಗ ಟೀ ಬೇಕೆಂದರೆ ನನಗೆ ಫೋನ್ ಮಾಡುತ್ತಿದ್ದರು. ನಿಮ್ಮ ಮಂಡಿಗೆ ಮೆಟ್ಟಿಲು ಬೇಡವೆಂದು ನಾನೇ ಫ್ಲಾಸ್ಕ್ ತಂದೆ. ಎಲ್ಲವೂ ಅನುಕೂಲಕ್ಕೇ ಆಗಿತ್ತು ಅತ್ತೆ. ಯಾರೂ ನಿಮ್ಮನ್ನು ಬೇಡವೆನ್ನಲಿಲ್ಲ. ಆದರೆ ಯಾರೂ ಕರೆಯಲೂ ಇಲ್ಲ.

ನಾನು ಮೇಲೆ ಓಡಿದೆ, ಇನ್ನೊಂದು ಬಾಯಿ ಹುಡುಕಲು. ಡೈನೋ ಬಂದು ಆ ಕೂಗು ನಿಂತ ಮೇಲೆ ಗಾರೆಯವರು ಯಾರೋ ಅದನ್ನು ಮೆತ್ತಿ ಮುಚ್ಚಿರಬೇಕೆಂದೇ ನಾನು ನಂಬಿದ್ದೆ. ನಿಮ್ಮ ನೀಲಿ ಶಾಲು ನೇತಾಡುವ ಮೊಳೆಯಿದೆಯಲ್ಲ, ಶಾಲು ಸರಿಸಿದೆ. ಆಲಿಕೆ ಅಲ್ಲೇ ಇತ್ತು, ಫಳಫಳ ಹೊಳೆಯುತ್ತಿತ್ತು. ಕೆಳಗಿನದಕ್ಕೆ ಅಷ್ಟು ಧೂಳು, ಮೇಲಿನದನ್ನು ಯಾರೋ ದಿನಾ ಒರೆಸಿದಂತಿದೆ. ಅದನ್ನು ಮುಚ್ಚಲು ಒಂದು ಸ್ಟೀಲ್ ಲೋಟ, ಲೋಟಕ್ಕೆ ದಾರ. ಅದರ ಕೆಳಗೆ ನಿಮ್ಮ ಗಿಡ್ಡ ಕುರ್ಚಿ. ಗುಡಿಸುವಾಗ ಗೇಣು ಆಚೀಚೆ ಮಾಡಿದರೂ ನೀವು ನನ್ನನ್ನು ಬಯ್ಯುತ್ತಿದ್ದಿರಿ, ವಯಸ್ಸಾದವರ ಹಟ ಎಂದುಕೊಂಡು ನಾನು ಒಳಗೊಳಗೇ ಮುಖ ಸಿಂಡರಿಸುತ್ತಿದ್ದೆ. ಈಗ ಅದರಲ್ಲಿ ಕೂತು ನೋಡಿದೆ. ಕಿವಿ ಸರಿಯಾಗಿ ಆಲಿಕೆಯ ಮಟ್ಟಕ್ಕೆ ಬಂತು. ಕೆಳಗೆ ನಿಮ್ಮ ಮಗ ಉಸಿರಾಡುವುದೂ ಕೇಳಿಸಿತು. ಅವರೂ ಆ ಕಡೆ ಬಾಯಿಟ್ಟು ಮೆಲ್ಲಗೆ ಕೇಳಿದರು, 'ಮೇಲಿನ ಮುಚ್ಚಳ ಹಾಕಿತ್ತಾ?' ಇಲ್ಲ ಎಂದೆ. ಲೋಟ ದಾರದಲ್ಲಿ ನೇತಾಡುತ್ತಿತ್ತು, ನೀವು ಹೋಗುವಾಗ ಹಾಗೆಯೇ ತೆಗೆದಿಟ್ಟು ಹೋಗಿದ್ದಿರಿ. ಸದ್ದು ಬೇಡದವರು ಮುಚ್ಚಳ ತೆಗೆದಿಡುತ್ತಾರೆಯೇ? ಇಳಿದು ಹೋಗಿ ನೋಡಿದರೆ ಟೈರುಗಳ ಅಟ್ಟಿಯ ಮೇಲೆ ಕೂತು, ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡಿದ್ದರು. ಬಡಗಿ ಬೆನ್ನು ತಿರುಗಿಸಿ, ಅಳೆದಿದ್ದ ಹಲಗೆಯನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದ.

ಗಲಾಟೆ ಜಾಸ್ತಿಯಾಗಿತ್ತೆಂದು ನೀವು ಹೋಗಲಿಲ್ಲ ಅತ್ತೆ. ಅಷ್ಟೂ ಗಲಾಟೆಯಲ್ಲಿ ನಿಮ್ಮನ್ನು ಕರೆಯುವ ಒಂದು ದನಿ ಇರಲಿಲ್ಲವೆಂದು ಹೋದಿರಿ. ಬಾಯಿಬಿಟ್ಟು ಹೇಳಬಾರದಿತ್ತೇ? ನಾನೇನು ಹೊರಗಿನವಳೇ? ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ಬೀದಿಗೆ ಕೇಳುವಂತೆ ಹೇಳುತ್ತೀರಿ, ಇದನ್ನು ಮಾತ್ರ ನುಂಗಿಕೊಂಡು ಪೆಟ್ಟಿಗೆ ಕಟ್ಟಿದಿರಿ. ನಿಮ್ಮ ಮೇಲೆ ನನಗೆ ಸಿಟ್ಟೂ ಬಂದಿದೆ, ಇಲ್ಲೇ ಬರೆದಿಡುತ್ತಿದ್ದೇನೆ.

ಬಡಗಿ ಮರುದಿನ ಸಿಮೆಂಟು ಕಲಸಿಕೊಂಡು ಬಂದ. ಕೊಳವೆಯನ್ನು ತುಂಬಿ ಮುಚ್ಚಿದರೆ ಕೋಣೆ ಪಕ್ಕಾ ಆಗುತ್ತದೆ, ಇಲ್ಲದಿದ್ದರೆ ತನ್ನ ಹೆಸರು ಕೆಡುತ್ತದೆ ಎಂಬುದು ಅವನ ವಾದ. ನಿಮ್ಮ ಮಗ ಕೊಳವೆಗೆ ಅಡ್ಡ ನಿಂತು 'ಇದನ್ನ ಮುಟ್ಟಿದ್ರೆ ನೋಡು' ಎಂದರು. ಕೊನೆಗೆ ಅವನೇ ಗಟ್ಟಿ ಮರದಲ್ಲಿ ಬೆಣೆಯಂಥ ಒಂದು ಮುಚ್ಚಳ ಕಡೆದು, ಸುತ್ತ ರಬ್ಬರ್ ಕೂರಿಸಿ, ಕೆಳಗಿನ ಬಾಯಿಗೆ ತಿರುಗಿಸಿ ಬಿಗಿಯುವ ಹಾಗೆ ಮಾಡಿಕೊಟ್ಟ. ಬೀರುವನ್ನು ಕೋಣೆಯಿಂದಲೇ ಹೊರಗೆ ಹಾಕಿಸಿ, ಆ ಜಾಗದ ಗೋಡೆಯನ್ನೂ ಸರಿಯಾಗಿ ಕಟ್ಟಿದ. ಯಂತ್ರ ಓಡುವಾಗ ಮುಚ್ಚಳ ಹಾಕುವುದು, ನಿಂತಾಗ ತೆಗೆಯುವುದು. ನಿನ್ನೆ ಹಾಕಿ ಪರೀಕ್ಷೆ ಮಾಡಿದೆವು. ನಿಮ್ಮ ಕೋಣೆಯಲ್ಲಿ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ಆ ನಿಶ್ಶಬ್ದ ನನಗೆ ಒಂದಿಷ್ಟೂ ಹಿಡಿಸಲಿಲ್ಲ, ಆದರೆ ಮುಚ್ಚಳ ನಮ್ಮ ಕೈಯಲ್ಲೇ ಇದೆಯಲ್ಲ.

ಕನ್ನಡಕದ ಅಂಗಡಿಯವರು ನಿಮಗೆ ನಮಸ್ಕಾರ ತಿಳಿಸಿದ್ದಾರೆ. ಬಡಗಿಯೂ ತಿಳಿಸಿದ್ದಾನೆ, ಗೋಡೆ ನೋಡಲು ಬನ್ನಿ ಎಂದಿದ್ದಾನೆ. ಮೊಮ್ಮಗಳು ಬಿದ್ದ ಹಲ್ಲುಗಳನ್ನು ನಿಮಗೆ ತೋರಿಸಲೆಂದು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದಾಳೆ, ಯಾರಿಗೂ ಮುಟ್ಟಲು ಬಿಡುವುದಿಲ್ಲ. ನಿಮ್ಮ ಮಗಳಿಗೆ, ಅಳಿಯಂದಿರಿಗೆ ನಮ್ಮೆಲ್ಲರ ನೆನಪು ಹೇಳಿ. ಅವರ ಕರೆಂಟ್ ಬಿಲ್ಲಿನ ಮೇಲೆ ಕರುಣೆಯಿಟ್ಟು, ಇಲ್ಲಿನ ಸದ್ದಿಗೆ ಬದಲಾಗಿ ಹಾಕಿಕೊಂಡು ಕೂರುವ ಆ ವಾಷಿಂಗ್ ಮೆಷಿನ್ನನ್ನು ಬಿಟ್ಟುಬಿಡಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ನಮ್ಮ ಮೇಲೆ ನಿಮ್ಮ ಆಶೀರ್ವಾದವಿರಲಿ, ಬೈಗುಳವೂ ಇರಲಿ.

ಇಂತಿ,
ತಟ್ಟೆ ಒಡೆದ ನಿಮ್ಮ ಸೊಸೆ

ಮರೆತಿದ್ದೆ, ಲಕೋಟೆ ಅಂಟಿಸುವ ಮುಂಚೆ ಇಷ್ಟು: ನಿನ್ನೆ ಸಂಜೆ ನಿಮ್ಮ ಕೋಣೆ ಗುಡಿಸಲು ಹೋಗಿ, ಸುಮ್ಮನೆ ನಿಮ್ಮ ಕುರ್ಚಿಯಲ್ಲಿ ಕೂತಿದ್ದೆ. ನಾನು ಅಲ್ಲಿರುವುದು ನಿಮ್ಮ ಮಗನಿಗೆ ಗೊತ್ತಿರಲಿಲ್ಲ. ಮೇಲೆ ಯಾರೂ ಇಲ್ಲವೆಂದುಕೊಂಡೇ ಕೆಳಗಿನ ಮುಚ್ಚಳ ತೆಗೆದರು, ತಿರುಗಿಸುವ ಸದ್ದು ಕೇಳಿಸಿತು. ಗಂಟಲು ಸರಿಮಾಡಿಕೊಂಡು, 'ಅಮ್ಮಾ, ಎರಡು ಟೀ, ಒಂದಕ್ಕೆ ಸಕ್ಕರೆ ಕಮ್ಮಿ' ಎಂದರು. ನನ್ನ ಬಾಯಿ ಆಲಿಕೆಯವರೆಗೆ ಹೋಗಿತ್ತು, ಆದರೂ ನಾನು ಉತ್ತರ ಕೊಡಲಿಲ್ಲ ಅತ್ತೆ. ಆ ಉತ್ತರ ನನ್ನದಲ್ಲ. ಅವರು ಇನ್ನೂ ಮುಚ್ಚಳ ಹಾಕಿಲ್ಲ, ಯಂತ್ರವನ್ನೂ ಶುರು ಮಾಡಿಲ್ಲ. ನೀವು ಬಂದು 'ಬಂದೆ ಬಂದೆ' ಎನ್ನಿ.